ತಾತನ ಎಡಗಾಲು

ಬೇವಿನ ಸೊಪ್ಪು ಕುದಿಯುವ ವಾಸನೆ ಬಂದರೆ ಇವತ್ತಿಗೂ ನಾನು ಕೈಯಲ್ಲಿನ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಮೊನ್ನೆ ಮೈಸೂರಿನ ನಮ್ಮ ಪಕ್ಕದ ಮನೆಯಲ್ಲಿ, ಸೀತಾಳೆ ಸಿಡುಬು ಎದ್ದು ಇಳಿದಿದ್ದ ಮಗುವಿಗೆ ಸ್ನಾನ ಮಾಡಿಸಲು ಸೊಪ್ಪು ಕುದಿಸುತ್ತಿದ್ದರು. ಆ ಕಹಿ ಘಾಟು ಕಿಟಕಿಯಿಂದ ಬಂದದ್ದೇ ತಡ, ನಾನು ಹುಣಸೂರು ಕಡೆಯ ನಮ್ಮ ಹಳ್ಳಿಯ ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದೆ. ಆ ಬಚ್ಚಲು ಈಗಿಲ್ಲ. ಮನೆಯೂ ಇಲ್ಲ, ಅದಿದ್ದ ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಆ ಒಲೆಯ ಮುಂದಿನ ಅಂಜಿಕೆ ಮಾತ್ರ ನನ್ನ ಜೊತೆಗೇ ಬಸ್ಸು ಹತ್ತಿ ಬಂದುಬಿಟ್ಟಿದೆ. ನಿಮ್ಮ ಹಳೆಯ ಮನೆಯಿಂದಲೂ ಇಂಥದ್ದೊಂದು ನಿಮ್ಮ ಬೆನ್ನು ಹತ್ತಿ ಬಂದಿರಬಹುದು.

ನನ್ನ ತಾತ ಚೌರಪ್ಪ ನಮ್ಮೂರ ಚರ್ಚಿನ ಉಪದೇಶಿ. ಹಗಲೆಲ್ಲ ಹೊಗೆಸೊಪ್ಪಿನ ಹೊಲ, ಸಂಜೆ ಜಪಸರ ಮುಗಿದ ಮೇಲೆ ಜಗುಲಿಯ ತುಂಬ ಮಕ್ಕಳು. ಎಲೆ ಮುರಿದು ಮುರಿದು ಅಂಟು ಹತ್ತಿ ಕಪ್ಪಾದ ಬೆರಳುಗಳಲ್ಲೇ ಶುಭಸಂದೇಶದ ಪುಟ ತಿರುಗಿಸುತ್ತಿದ್ದರು. ಯೇಸು ಕಡೆಯ ಊಟದಿಂದ ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಭಾಗವೆಂದರೆ ಅವರಿಗೆ ಪ್ರಾಣ. ಓದಿ ಸುಮ್ಮನಾಗುವವರೂ ಅಲ್ಲ. ಈಸ್ಟರಿಗೆ ಮುಂಚಿನ ಬುಧವಾರ ತಾವೂ ಹೆಗಲ ಟವೆಲನ್ನು ಸೊಂಟಕ್ಕೆ ಬಿಗಿದು, ಹಿತ್ತಾಳೆ ಬೋಗುಣಿಗೆ ಬಿಸಿನೀರು ಸುರಿದು, ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ಕಾಲು ತೊಳೆಯುತ್ತಿದ್ದರು. ಮಾವ ತನ್ನ ಕಾಲು ಮುಟ್ಟುತ್ತಾರಲ್ಲ ಎಂದು ಅಮ್ಮ ಸೆರಗು ಕಚ್ಚಿಕೊಂಡು ನಾಚುತ್ತಿದ್ದಳು. ನಮಗೆ ಬರೀ ಕಚಗುಳಿ. ಕೊನೆಗೆ ಅಜ್ಜಿ ಲೂರ್ದಮ್ಮ ಆ ಟವೆಲಿಗೆ ಕೈ ಚಾಚಿದರೆ ಮಾತ್ರ ತಾತ ಬೋಗುಣಿಯ ನೀರನ್ನು ದಾಸವಾಳದ ಗಿಡಕ್ಕೆ ಚೆಲ್ಲಿ ಎದ್ದುಬಿಡುತ್ತಿದ್ದರು.

"ಎಲ್ಲಾರ್ ಕಾಲೂ ತೊಳೀತೀರಿ, ನಿಮ್ ಕಾಲ್ನ ಮಾತ್ರ ಯಾರೂ ಮುಟ್ಟಂಗಿಲ್ವಾ? ಯೇಸು ಕಾಲ್ ತೊಳ್ಯಕ್ ಬಂದಾಗ ಶಿಷ್ಯ ಪೇತ್ರನೂ ಇಂಗೇ ಕಣ್ರೀ ಮೊಂಡಾಟ ಮಾಡಿದ್ದು," ಎನ್ನುತ್ತಿದ್ದಳು ಅಜ್ಜಿ.

"ಸುಮ್ಕಿರು ಕಣೆ," ಎನ್ನುತ್ತಿದ್ದರು ತಾತ. ಉಪದೇಶ ಅಲ್ಲಿಗೆ ಮುಗಿಯುತ್ತಿತ್ತು.

ಆ ವರ್ಷ ಹೊಲದಲ್ಲಿ ಹೊಗೆಸೊಪ್ಪಿನ ಕೂಳೆ ಚುಚ್ಚಿ ತಾತನ ಎಡಗಾಲಿಗೆ ಗಾಯವಾಯಿತು. ಸಕ್ಕರೆ ಕಾಯಿಲೆಯ ಮೈ, ಮಾಯಲಿಲ್ಲ. ಹಳೇ ಪಂಚೆಯ ಬಟ್ಟೆ ಸುತ್ತಿಕೊಂಡರು. ಬೇವಿನ ನೀರನ್ನು ತಾವೇ ಕುದಿಸಿಕೊಂಡು, ಬಚ್ಚಲ ಬಾಗಿಲು ಹಾಕಿಕೊಂಡು ತೊಳೆದುಕೊಳ್ಳುತ್ತಿದ್ದರು. ನಾನು ಹುಟ್ಟಾ ಪುಕ್ಕಲಿ. ಒಳಗೆ ಚೊಂಬಿನ ಸದ್ದು ನಿಂತರೆ ಸಾಕು, ತಾತ ಬಿದ್ದೇಹೋದರು ಎಂದು ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ. ಜಪಸರದ ಹೊತ್ತಿಗೆ ಅವರ ಪಕ್ಕದಲ್ಲೇ ನನ್ನ ಜಾಗ. ಬೇವಿನ ಘಾಟಿನ ಕೆಳಗಿಂದ ಇನ್ನೊಂದು ವಾಸನೆ ಮೆಲ್ಲಗೆ ಏಳುತ್ತಿತ್ತು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತಿತ್ತು. ಮನೆಯವರಿಗೆಲ್ಲ ಗೊತ್ತಿತ್ತು. ಅಪ್ಪ ಆಸ್ಪತ್ರೆಯ ಮಾತೆತ್ತಿದ ದಿನ ತಾತ ಊಟ ಬಿಟ್ಟು ಎದ್ದರು.

"ನಮ್ಮಣ್ಣನ್ಗೂ ಇಂಗೇ ಆಗಿದ್ದು. ಆಸ್ಪತ್ರೇಲಿ ತೋರ್ಸ್ದ, ಕಾಲ್ ಕತ್ತರ್ಸಿದ್ರು. ಮೂಲೇಲಿ ಕುಂತ್ಕಂಡೇ ಪ್ರಾಣ ಬುಟ್ಟ. ನಾನ್ ಯಾರ್ಗೂ ತೋರ್ಸಕಿಲ್ಲ."

ಆಮೇಲೆ ಅಜ್ಜಿ ಹಟ ಮಾಡಲಿಲ್ಲ. ಒಂದು ಮಧ್ಯಾಹ್ನ ತಲೆಗೆ ಸೆರಗು ಹೊದ್ದು ಚರ್ಚಿನ ಪಾದ್ರಿ ಸ್ವಾಮಿಗಳ ಮನೆಗೆ ಹೋಗಿಬಂದಳು, ಅಷ್ಟೇ. ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಸ್ವಾಮಿಗಳು, ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ತಮ್ಮಿಂದ ಪಾದ ತೊಳೆಸಿಕೊಳ್ಳಲಿರುವ ಹನ್ನೆರಡು ಜನರ ಹೆಸರು ಓದಿದರು. ಅದರಲ್ಲಿ ತಾತನದೂ ಇತ್ತು. ವರ್ಷವರ್ಷವೂ ಆ ಗುರುವಾರ ಬೆಂಚು, ಬೋಗುಣಿ ಜೋಡಿಸಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದವರು ಅವರು. ಚರ್ಚಿನೊಳಗೆ ಸ್ವಾಮಿಗಳಿಗೆ ಇಲ್ಲವೆನ್ನುವುದು ಹೇಗೆ?

"ಸ್ವಾಮೇರ್ ಮುಂದೆ ಕಾಲಿನ್ ಬಟ್ಟೆ ಬಿಚ್ಲೇಬೇಕಲ್ಲ ಮಗಾ," ಎಂದು ಅಜ್ಜಿ ರಾಗಿ ಕೇರುತ್ತಾ ನನ್ನ ಕಿವಿಯಲ್ಲಿ ಹೇಳಿದಳು. "ಸ್ವಾಮೇರೇ ಕಣ್ಣಾರೆ ಕಂಡ್ ಮ್ಯಾಕೆ ಆಸ್ಪತ್ರೆಗ್ ಕಳುಸ್ದೆ ಬುಟ್ಟಾರಾ?"

ಗುರುವಾರ ಸಂಜೆ ಉಳಿದ ಹನ್ನೊಂದು ಜನ ಎಂಥ ಕಾಲು ಹೊತ್ತು ಬಂದಿದ್ದರು ಅಂತೀರಿ! ಪಾದ ತೊಳೆಸಿಕೊಳ್ಳಲು ಹೋಗುವವರು ಮನೆಯಲ್ಲಿ ತೆಂಗಿನ ನಾರು ಹಾಕಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿಕೊಂಡು ಬರುವುದು ನಮ್ಮೂರ ಪದ್ಧತಿ. ಸ್ವಾಮಿಗಳು ತಮಾಷೆಗೆ, "ನನಗೆ ತೊಳೆಯೋಕೆ ಏನು ಉಳಿಸಿದ್ದೀರಪ್ಪಾ?" ಎನ್ನುತ್ತಿದ್ದರು. ತಾತ ಮಾತ್ರ ಎರಡು ಕಾಲಿಗೂ ಕ್ಯಾನ್ವಾಸ್ ಶೂ ಹಾಕಿಕೊಂಡು ಬೆಂಚಿನ ತುದಿಯಲ್ಲಿ ನೆಮ್ಮದಿಯಾಗಿ ಕುಳಿತಿದ್ದರು. ಆ ನೆಮ್ಮದಿ ನೋಡಿಯೇ ನನಗೆ ಗಾಬರಿಯಾಯಿತು.

ಅಷ್ಟು ವರ್ಷವೂ ಹಿಂದಿನ ಚಾಪೆಯಲ್ಲಿ ಕುಳಿತಿದ್ದ ಅಜ್ಜಿಗೆ ಕಾಣುತ್ತಿದ್ದುದು ಬಗ್ಗಿದ ಸ್ವಾಮಿಗಳ ಬೆನ್ನು ಮಾತ್ರ. ಆ ಸಲ ನನ್ನನ್ನೂ ಎಳೆದುಕೊಂಡು ಮುಂದಿನ ಸಾಲಿನಲ್ಲೇ ಕುಳಿತಳು. ಸ್ವಾಮಿಗಳು ಮೊದಲನೆಯವನ ಬಲಗಾಲು ತೊಳೆದು, ಒರೆಸಿ, ಮುತ್ತಿಟ್ಟು ಪಕ್ಕಕ್ಕೆ ಸರಿದರು. ಎರಡನೆಯವನದೂ ಬಲಗಾಲೇ. ಮೂರನೆಯವನದೂ. ಅಜ್ಜಿಯ ಬೆರಳುಗಳು ನನ್ನ ಮಣಿಕಟ್ಟನ್ನು ಹಿಚುಕತೊಡಗಿದವು. ನಮ್ಮ ಚರ್ಚಿನಲ್ಲಿ ತೊಳೆಯುತ್ತಿದ್ದುದು ಒಂದೇ ಕಾಲನ್ನು. ಅದು ಬೋಗುಣಿ ಇಡುತ್ತಿದ್ದ ತಾತನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. "ಅಯ್ಯೋ ಕರ್ತರೇ," ಎಂದು ಉಸಿರಿನಲ್ಲೇ ಅಂದಳು.

ತಾತನ ಸರದಿ ಬಂತು. ಬಲಗಾಲ ಶೂ ಕಳಚಿ ನೀಡಿದರು. ಸ್ವಾಮಿಗಳು ನೀರು ಹೊಯ್ದರು, ಒರೆಸಿದರು, ಬಗ್ಗಿ ಮುತ್ತಿಟ್ಟರು. ತಾತ ಆ ಬಗ್ಗಿದ ತಲೆಯನ್ನೇ ನೋಡುತ್ತಿದ್ದರು. ಆಮೇಲೆ ಅವರ ಕಣ್ಣು ಚಾಪೆಯ ಮೇಲಿದ್ದ ಅಜ್ಜಿಯತ್ತ ಬಂತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸ್ವಾಮಿಗಳು ಬೋಗುಣಿ ಸರಿಸಿ ಮೇಲೇಳುತ್ತಿದ್ದರು. ತಾತ ಬಗ್ಗಿ ಎಡಗಾಲ ಶೂ ಕಿತ್ತರು. ಬಟ್ಟೆಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದರು.

"ಸ್ವಾಮಿ," ಎಂದರು. "ಇನ್ನೊಂದೈತೆ."

ಸಾಂಬ್ರಾಣಿಯನ್ನೂ ಮೀರಿ ಆ ವಾಸನೆ ಮುಂದಿನ ಸಾಲಿಗೆ ಬಂತು. ಹಾಡು ನಿಂತುಹೋಯಿತು. ಸ್ವಾಮಿಗಳು ಮತ್ತೆ ಮಂಡಿಯೂರಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದರು. ಆಮೇಲೆ ಅಜ್ಜಿಯತ್ತ ತಿರುಗಿ, "ಬಾಮ್ಮ," ಎಂದರು. ಅಜ್ಜಿ ಎದ್ದು ಹೋಗಿ ನೀರಿನ ಹೂಜಿ ತೆಗೆದುಕೊಂಡು ಆ ಕಾಲಿಗೆ ಹೊಯ್ದಳು. ತಾತ ಕಾಲು ಹಿಂದೆಳೆದುಕೊಳ್ಳಲಿಲ್ಲ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಅವರನ್ನು ಮೈಸೂರಿಗೆ ಕರೆದೊಯ್ದರು. ಬೆರಳುಗಳು ಹೋದವು, ಕಾಲು ಉಳಿಯಿತು. ಅದಾದ ಮೇಲೆ ಅವರು ಬದುಕಿದಷ್ಟು ವರ್ಷವೂ ಸಂಜೆ ಬೇವಿನ ನೀರಿಟ್ಟುಕೊಂಡು ಅಜ್ಜಿಯೇ ಅವರ ಕಾಲು ತೊಳೆದಳು. ಬಚ್ಚಲ ಬಾಗಿಲು ಮತ್ತೆ ಹಾಕಲಿಲ್ಲ. ಒಲೆಗೆ ಕಡ್ಡಿ ನೂಕುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದೆ.

"ಸುಡ್ತದಾ?"

"ಇಲ್ಲ ಕಣೆ, ಹಿತವಾಗೈತೆ."

ಆ ಪಾದಕ್ಕೆ ಸ್ಪರ್ಶಜ್ಞಾನವೇ ಇರಲಿಲ್ಲ, ಸುಟ್ಟರೂ ತಾತನಿಗೆ ತಿಳಿಯುತ್ತಿರಲಿಲ್ಲ. ಅದು ಅಜ್ಜಿಗೂ ಗೊತ್ತಿತ್ತು, ಅದಕ್ಕೇ ನೀರನ್ನು ಮೊದಲು ತನ್ನ ಮೊಣಕೈಗೆ ಹೊಯ್ದು ನೋಡುತ್ತಿದ್ದಳು. ಆದರೂ ಕೇಳುತ್ತಿದ್ದಳು, ಅವರೂ ಹೇಳುತ್ತಿದ್ದರು.

ತಾತ ತೀರಿಕೊಂಡಾಗ ಜಗುಲಿಯ ಮೇಲೆ ಮಲಗಿಸಿ ಮೈ ತೊಳೆಯುವ ಹೊತ್ತಿಗೆ ಅಜ್ಜಿ ಬೇವಿನ ನೀರೇ ಬೇಕೆಂದಳು. ಕುದಿಸಿ ತಂದುಕೊಟ್ಟವಳು ನಾನು. ಅವಳು ಚೊಂಬಿನಲ್ಲಿ ಮೊಗೆದು, ತನ್ನ ಮೊಣಕೈಗೆ ಹೊಯ್ದು ನೋಡಿ, ಎಡಗಾಲಿಗೆ ಒಂದಿಷ್ಟು ಹಾಕಿ, "ಸುಡ್ತದಾ?" ಎಂದು ಕೇಳಿದಳು. ಆಮೇಲೆ ಚೊಂಬು ಹಿಡಿದುಕೊಂಡು ಹಾಗೇ ಕಾಯುತ್ತಾ ನಿಂತಳು.