ಅಂಗಡಿ ಮಾರು

ದರ್ಜಿಯ ಹೆಂಡತಿ ಬಟ್ಟೆ ಒಣಹಾಕುವ ಹಗ್ಗವನ್ನು ವಾಪಸು ತಂದು ಕೌಂಟರಿನ ಮೇಲಿಟ್ಟಳು. ತಪ್ಪು ತನ್ನದೇ ಎಂಬಂತೆ ನಾಚಿಕೊಂಡಿದ್ದಳು.

"ಬೇಜಾರು ಮಾಡ್ಕೋಬೇಡಿ ಅಜ್ಜ. ಎಂಟು ಮಾರು ತಗೊಂಡು ಹೋಗಿದ್ದೆ. ಆ ಕಂಬದಿಂದ ಈ ಕಂಬಕ್ಕೆ ಮುಟ್ತಾನೇ ಇಲ್ಲ. ನಮ್ಮನೆಯವರು ಟೇಪ್ ಹಿಡಿದು ಅಳೆದ್ರು. ಟೇಪೇ ಹಿಗ್ಗಿರಬೇಕು ಅಂದ್ರು."

ಇಪ್ಪತ್ತು ವರ್ಷದಿಂದ ಊರಿನ ಅಂಗಿಗಳನ್ನೆಲ್ಲ ಅದೇ ಟೇಪಿನಿಂದ ಹೊಲಿದ ಪುಣ್ಯಾತ್ಮ, ತನ್ನ ಟೇಪನ್ನು ಅನುಮಾನಿಸಿದನೇ ಹೊರತು ಮಾರಜ್ಜನ ಮಾರನ್ನಲ್ಲ. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಸರಿಯಾಗಿ ಆರಡಿ, ಅದು ಅಂಗಡಿ ಮಾರು. ಹಗ್ಗವಿರಲಿ, ಸರಪಳಿಯಿರಲಿ, ವೈರಿರಲಿ, ಎದೆ ಉಬ್ಬಿಸಿ ಕೈಯಲ್ಲೇ ಅಳೆದು ಕೊಡುತ್ತಿದ್ದುದರಿಂದ ಊರಿಗೆಲ್ಲ ಅವನು ಮಾರಜ್ಜ. 'ಮಾರು ಹಾಕಿ ಮಾರ್ತೀನಿ, ಮೋಸ ಮಾಡಿ ಮಾರಲ್ಲ' ಎಂಬುದು ಅವನ ದಿನಕ್ಕೆ ಹತ್ತು ಸಲದ ಹಾಸ್ಯ. ಹತ್ತು ಸಲವೂ ಮೊದಲು ನಗುತ್ತಿದ್ದವನು ಅವನೇ.

ನಗಲಿ ಬಿಡಿ, ಅಂಗಡಿಯೂ ಅವನ ಹಾಗೇ ವಿಚಿತ್ರವಾಗಿತ್ತು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಡ್ರಾಯರುಗಳು. ಒಂದರ ಮೇಲೂ ಅಕ್ಷರವಿಲ್ಲ. ಒಳಗೇನಿದೆಯೋ ಅದರದೊಂದು ನಮೂನೆಯನ್ನು ಹೊರಗೆ ತಂತಿಯಿಂದ ಬಿಗಿದಿದ್ದ. ಇಲ್ಲೊಂದು ಸ್ಕ್ರೂ, ಅಲ್ಲೊಂದು ಬಿಜಾಗರಿ, ಮೂಲೆಯಲ್ಲೊಂದು ಲಾಟೀನಿನ ಬತ್ತಿ. ಒಳಗೆ ಕಾಲಿಟ್ಟರೆ ನಾರು, ಸೀಮೆಎಣ್ಣೆ, ಹೊಸ ಕಬ್ಬಿಣ ಎಲ್ಲ ಕಲೆತ ವಾಸನೆ. ಬರುವವರು ಸಾಮಾನಿನ ಹೆಸರು ಹೇಳುವುದಿಲ್ಲ. ಮುರಿದ ತುಂಡನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದು, "ಇದರ ಅಣ್ಣನೋ ತಮ್ಮನೋ ಇದ್ರೆ ಕೊಡಿ" ಎನ್ನುತ್ತಾರೆ. ಒಂದೇ ಒಂದು ವಾಷರ್ ಕೇಳಿದವನನ್ನೂ ಮಾರಜ್ಜ ಬರಿಗೈಯಲ್ಲಿ ಕಳಿಸಿದವನಲ್ಲ.

ಆದರೆ ಮೂರು ತಿಂಗಳಿಂದ ಅವನ ಬಲಭುಜ ಹಿಡಿದುಕೊಂಡಿತ್ತು. ಅಂಗಿ ತೊಡುವಾಗ ಹಲ್ಲು ಕಚ್ಚಿ ತೊಡುತ್ತಿದ್ದ. ಮೇಲಿನ ಡ್ರಾಯರಿನದು ಬೇಕಾದಾಗ, "ಕನ್ನಡಕ ಸರಿಯಿಲ್ಲ, ನೀನೇ ತೆಗಿಯಮ್ಮ" ಎಂದು ಮಗಳಿಗೆ ಹೇಳುತ್ತಿದ್ದ. ಮಗಳ ಮನೆ ಎರಡು ಬೀದಿ ಆಚೆ. ಹಗಲೆಲ್ಲ ಅವಳು ಅಂಗಡಿಯಲ್ಲೇ. ಕೌಂಟರಿಗೊಂದು ಅಳತೆಪಟ್ಟಿ ಹೊಡೆಸೋಣ ಎಂದು ಒಮ್ಮೆ ಅಂದದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟಿದ್ದ. ಮೂಗಿನ ತುದಿಯಲ್ಲೇ ಕೋಪ.

ಇವತ್ತು ಮಗಳು ಬಿಡಲಿಲ್ಲ. "ಅಪ್ಪಾ, ಒಂದು ಮಾರು ಹಾಕಿ ನೋಡೋಣ."

ದರ್ಜಿಯ ಹೆಂಡತಿಯ ಮುಂದೆ ಇಲ್ಲವೆನ್ನುವುದು ಹೇಗೆ? ಹಗ್ಗದ ತುದಿ ಹಿಡಿದು ಕೈ ಚಾಚಿದ. ಎಡಗೈ ನೆಟ್ಟಗೆ ಹೋಯಿತು. ಬಲಗೈ ಭುಜದ ಮಟ್ಟ ಮುಟ್ಟದೆ ಮಧ್ಯದಲ್ಲೇ ನಿಂತುಬಿಟ್ಟಿತು. ಮಗಳು ಟೇಪ್ ಹಿಡಿದಳು, ಮತ್ತೊಮ್ಮೆ ಹಿಡಿದಳು.

"ಮಾರಿಗೆ ಒಂದು ಗೇಣು ಕಡಿಮೆ ಅಪ್ಪಾ."

ದರ್ಜಿಯ ಹೆಂಡತಿ ಮೊಳೆಗಳ ಡಬ್ಬಿಯನ್ನೇ ಬಹಳ ಆಸಕ್ತಿಯಿಂದ ನೋಡತೊಡಗಿದಳು. ಮಾರಜ್ಜನ ಕಿವಿ ಕೆಂಪಾಯಿತು. ಏನಾದರೂ ಬೈಯಬೇಕೆಂದು ಬಾಯಿ ತೆರೆದವನಿಗೆ ಬೆಳಗಿನ ವ್ಯಾಪಾರ ನೆನಪಾಯಿತು. ಗಿಳಿಗೆ ಇಪ್ಪತ್ತು ಮಾರು ಕೊಟ್ಟಿದ್ದ.

ಗಿಳಿ ಎಂದರೆ ಪೇಂಟರು. ಮೈತುಂಬ ಬಣ್ಣ ಮೆತ್ತಿಕೊಂಡೇ ಓಡಾಡುವವನಿಗೆ ಊರು ಇಟ್ಟ ಹೆಸರು. ನೀರಿನ ಟ್ಯಾಂಕಿಗೆ ಬಣ್ಣ ಹೊಡೆಯುವಾಗೆಲ್ಲ ಅವನು ಹೊಸ ಹಗ್ಗ ಒಯ್ಯುತ್ತಾನೆ, ಲೆಕ್ಕ ಇಪ್ಪತ್ತೇ ಮಾರು. ಒಂದು ತುದಿ ಅವನು ಕೂರುವ ಹಲಗೆಗೆ. ಇನ್ನೊಂದು ಕಡೆಯನ್ನು ಮೇಲೆ ಕಂಬಿಗೆ ಎರಡು ಸುತ್ತು ಹಾಕಿ ಅವನ ಬಾಮೈದ ಹಿಡಿದಿರುತ್ತಾನೆ. ಕಣ್ಣು ಮುಂದೆ, ಹಗ್ಗದ ಸುರುಳಿ ಬೆನ್ನ ಹಿಂದೆ. ಭಾವ ಬಣ್ಣ ಹೊಡೆದಂತೆಲ್ಲ ಇವನು ಬಿಡುತ್ತಾ ಹೋಗುತ್ತಾನೆ. ಹಲಗೆ ನೆಲ ಮುಟ್ಟಿದ ಮೇಲೂ ಬಾಮೈದನ ಹಿಂದೆ ಒಂದು ಮಾರು ಉಳಿಯಬೇಕು. "ತುದೀನ ಕಂಬಿಗೆ ಕಟ್ಕೊಳ್ರಪ್ಪ" ಎಂದು ಬೆಳಿಗ್ಗೆ ಮಗಳು ಹೇಳಿದ್ದಳು. "ಅಜ್ಜನ ಮಾರು ಇರೋವಾಗ ಗಂಟು ಯಾಕಕ್ಕ?" ಎಂದಿದ್ದ ಗಿಳಿ. ಆ ಮಾತಿಗೆ ಮಾರಜ್ಜ ಉಬ್ಬಿಹೋಗಿದ್ದ, ಮುಟ್ಠಾಳ.

ಇಪ್ಪತ್ತು ಗೇಣು ಕಡಿಮೆ, ಅಂದರೆ ಎರಡೂವರೆ ಮಾರು. ಉಳಿಕೆಯ ಒಂದನ್ನು ಕಳೆದರೂ ಒಂದೂವರೆ. ಹಲಗೆ ಇನ್ನೂ ಒಂದೂವರೆ ಮಾರು ಮೇಲಿರುವಾಗಲೇ ಹಗ್ಗ ಬಾಮೈದನ ಕೈಯಿಂದ ಜಾರುತ್ತದೆ. ಟ್ಯಾಂಕಿನ ಬುಡಕ್ಕೆ ಅಂಟಿಕೊಂಡಂತೆ ಈಟಿಮೊನೆಯ ಕಬ್ಬಿಣದ ಬೇಲಿ. ಹೆಸರು ಗಿಳಿಯಾದರೇನು, ರೆಕ್ಕೆಯಿಲ್ಲ.

"ಅವನಿಗೆ ಫೋನ್ ಮಾಡು!" ಎಂದ. ಮಗಳು ಮಾಡಿದಳು. ರಿಂಗಾಗುತ್ತಲೇ ಇತ್ತು.

ಅಂಗಡಿಯನ್ನು ದರ್ಜಿಯ ಹೆಂಡತಿಗೆ ಬಿಟ್ಟು ಇಬ್ಬರೂ ಓಡಿದರು. ಮಗಳು ಮುಂದೆ, ಅವನು ಹಿಂದೆ. ಎಪ್ಪತ್ತರ ಮುದುಕ ಓಡಿದ್ದನ್ನು ಓಟ ಎನ್ನಬೇಕಾದರೆ ದೊಡ್ಡ ಮನಸ್ಸು ಬೇಕು. ದಾರಿಯುದ್ದಕ್ಕೂ ತಲೆಯಲ್ಲಿ ಮೂರು ತಿಂಗಳ ಗಿರಾಕಿಗಳೇ. ತೊಟ್ಟಿಲಿಗೆಂದು ನಾಲ್ಕು ಮಾರು ಒಯ್ದ ಬಾಣಂತಿಯ ಅಮ್ಮ, ಬಾವಿಗೆಂದು ಹತ್ತು ಒಯ್ದವನು. ಅವರಲ್ಲಿ ಒಬ್ಬರಾದರೂ ಬಂದು ಜಗಳವಾಡಬಾರದಿತ್ತೇ? ನಂಬಿಕೆಯೂ ಒಂದೊಂದು ಸಲ ಶತ್ರು ಎಂದು ಅವನಿಗೆ ಆವತ್ತು ಅನ್ನಿಸಿತು.

ಟ್ಯಾಂಕಿನ ಬಳಿ ಗಿಳಿಯ ಸೈಕಲ್ಲಿತ್ತು. ಹ್ಯಾಂಡಲಿಗೆ ಅವನ ಅಂಗಿ ತೂಗುತ್ತಿತ್ತು. ಅದರ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಮಗಳು ಟ್ಯಾಂಕಿನ ಮೆಟ್ಟಿಲಿಗೆ ಹಾರಿದಳು. ಮಾರಜ್ಜ ತಲೆಯೆತ್ತಿದ. ಗಿಳಿ ಆಗಲೇ ಮುಕ್ಕಾಲು ಪಾಲು ಇಳಿದಿದ್ದ; ಹಲಗೆಯ ಮೇಲೆ ಕೂತು ಸಿಳ್ಳೆ ಹಾಕುತ್ತಾ ಬಣ್ಣ ಬಳಿಯುತ್ತಿದ್ದ. ಮಗಳು ಮೇಲೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

"ನಿಲ್ಸೋ! ಹಗ್ಗ ಬಿಡಬೇಡ!"

ಮೇಲಿಂದ ಬಾಮೈದ ಬಗ್ಗಿ ನೋಡಿ ನಕ್ಕ. "ಯಾಕಜ್ಜ?"

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಜನವೆಲ್ಲ ತಿರುಗಿ ನೋಡಿದರು. ಹತ್ತಿಪ್ಪತ್ತು ಜನ, ಎಲ್ಲರೂ ಅವನ ಗಿರಾಕಿಗಳೇ. ಆ ಕ್ಷಣದಲ್ಲೂ ಮಾರಜ್ಜನ ಬಾಯಿಂದ ನಿಜ ಹೊರಡಲಿಲ್ಲ.

"ಹಗ್ಗ ಸರಿಯಿಲ್ಲ ಕಣೋ!"

ಗಿಳಿ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದ. "ಕಬ್ಬಿಣ ಇದ್ದ ಹಾಗಿದೆ ಅಜ್ಜ, ಭಯಪಡಬೇಡಿ! ಬಿಡೋ ಬಾಮೈದ!"

ಹಲಗೆ ಇನ್ನಷ್ಟು ಇಳಿಯಿತು. ಆ ಒಂದು ಸುಳ್ಳು ಒಂದು ಮಾರು ಹಗ್ಗವನ್ನು ನುಂಗಿತು. ಅದನ್ನು ನೆನೆದರೆ ಈಗಲೂ ಮಾರಜ್ಜ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ.

"ತುದಿ ಬಂತು ಕಣೋ, ಹಿಂದೆ ನೋಡೋ!"

"ಇಪ್ಪತ್ತು ಮಾರು ಇದೆ ಅಜ್ಜ! ನೀವೇ ಅಳೆದಿದ್ದಲ್ವಾ?" ಬಾಮೈದನ ಕೈ ಮತ್ತೆ ಸಡಿಲವಾಯಿತು.

ಆಗ ಮಾರಜ್ಜ ಬೀದಿಯ ನಡುವೆ ನಿಂತು, ಗಂಟಲು ಹರಿಯುವಂತೆ ಕೂಗಿದ. "ನಾನು ಅಳೆದಿದ್ದೇ ಸುಳ್ಳು ಕಣೋ! ನನ್ನ ಮಾರು ಸುಳ್ಳು! ಮೂರು ತಿಂಗಳಿಂದ ಸುಳ್ಳು! ನನ್ನ ಕೈ ಹೋಗಿದೆ ಕಣೋ, ನೋಡೋ!" ಕೂಗುತ್ತಾ ಎರಡೂ ಕೈ ಚಾಚಿದ. ಒಂದು ಚಾಚಿತು. ಇನ್ನೊಂದು ಪಕ್ಕೆಯ ಬಳಿಯೇ ನಿಂತಿತು.

ಬಾಮೈದ ಆ ಕೈಯನ್ನು ನೋಡಿದ, ನಗು ನಿಂತಿತು. ತಿರುಗಿ ಬೆನ್ನ ಹಿಂದೆ ನೋಡಿದ. ಸುರುಳಿಯೇ ಇರಲಿಲ್ಲ. ಸಿಮೆಂಟಿನ ಮೇಲೆ ಹಗ್ಗದ ತುದಿ ಅವನ ಹಿಮ್ಮಡಿಯ ಹತ್ತಿರ ಹರಿದು ಬರುತ್ತಿತ್ತು. ಅದರ ಮೇಲೆ ಕಾಲಿಟ್ಟು ಒತ್ತಿ ಹಿಡಿದು, "ಭಾವಾ, ಅಲ್ಲಾಡಬೇಡ!" ಎಂದು ಚೀರಿದ. ಹಲಗೆ ಒಮ್ಮೆ ಜೋಲಿ ಹೊಡೆದು ನಿಂತಿತು. ಬಣ್ಣದ ಡಬ್ಬಿ ಜಾರಿ ಬಿತ್ತು. ಬೇಲಿಯ ಮೊನೆಗೆ ಸಿಕ್ಕಿಕೊಂಡು ತೂತಾಗಿ, ಅಲ್ಲೇ ನೇತಾಡುತ್ತಾ ಬಣ್ಣ ಸುರಿಸಿತು.

ಬಸ್ಸಿಗೆ ಕಾಯುತ್ತಿದ್ದವರು ಎಲ್ಲಿಂದಲೋ ಏಣಿ ಹೊತ್ತು ತಂದರು. ಗಿಳಿ ಇಳಿದು ಬಂದ. ಡಬ್ಬಿಯನ್ನು ನೋಡಿದ, ಅಜ್ಜನನ್ನು ನೋಡಿದ. "ಒಂದೆರಡು ಮಾರು ತಾನೇ ಅಜ್ಜ..." ಎಂದು ತಮಾಷೆ ಮಾಡಲು ಹೋಗಿ, ಮಾತು ಮುಗಿಸಲಾಗದೆ ನೆಲದ ಮೇಲೆ ಕೂತುಬಿಟ್ಟ. ಯಾರೂ ಮಾರಜ್ಜನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅರ್ಧ ಮೆಟ್ಟಿಲು ಹತ್ತಿದ್ದ ಮಗಳು ಏದುಸಿರು ಬಿಡುತ್ತಾ ಇಳಿದು ಬಂದು ಅಪ್ಪನ ಮುಂದೆ ನಿಂತಳು.

"ಇಡೀ ಬೀದಿಗೆ ಕೇಳೋ ಹಾಗೆ ಕೂಗಿದ್ರಿ. ದಿನಾ ಪಕ್ಕದಲ್ಲೇ ಕೂತಿರ್ತೀನಲ್ಲ ಅಪ್ಪಾ, ನನ್ನ ಕಿವೀಲಿ ಒಂದು ಮಾತು ಹೇಳೋಕಾಗಲಿಲ್ವಾ?"

ಮಾರಜ್ಜ ಎಡಗೈಯಿಂದ ಬಲಭುಜವನ್ನು ಒತ್ತಿ ಹಿಡಿದುಕೊಂಡ.

"ಕಾಲಿಗೆ ಬಂದಿದ್ರೆ ಹೇಳ್ತಿದ್ದೆ ಕಣಮ್ಮ. ಕಣ್ಣಿಗೆ ಬಂದಿದ್ರೂ ಹೇಳ್ತಿದ್ದೆ. ಕೈಗೇ ಬಂತಲ್ಲ."

ಕಣ್ಣೊರೆಸಿಕೊಳ್ಳಲು ಎತ್ತಿದ ಬಲಗೈ ಅರ್ಧಕ್ಕೇ ನಿಂತಿತು. ಮಗಳೇ ಒರೆಸಿದಳು.