ಕಟ್ಟು ನನಗೆ, ಕಾಳು ಗೌರಿಗೆ

ಸ್ನೇಹಿತರೆ, ಈ ಮಧ್ಯಾಹ್ನ ಊಟ ಮುಗಿಸಿ ಮಣೆಯಿಂದ ಏಳಲು ಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ಸೊಸೆ ಸರೋಜ ರಟ್ಟೆ ಹಿಡಿದು ಎಬ್ಬಿಸಿದಳು.

"ಹುರುಳಿ ಬೇಯಿಸಿದ್ದೆಯಲ್ಲಮ್ಮ, ಕಾಳೆಲ್ಲಿ?" ಎಂದೆ.

"ಕಟ್ಟು ಬಸಿದು ನಿಮಗೆ ಸಾರು ಮಾಡ್ದೆ ಮಾವ. ಕಾಳು ಗೌರಿಗೆ ಎತ್ತಿಟ್ಬುಟ್ಟೆ. ಈ ವಯಸ್ಸಲ್ಲಿ ನಿಮಗೆ ಅರಗುತ್ತಾ?"

ಗೌರಿ ನಮ್ಮ ಹಸು. ನಮ್ಮಜ್ಜಿ ಎಂಬತ್ತರಲ್ಲೂ ಹುರುಳಿ ಉಸಲಿ ತಿಂದು ತಾವೇ ಬಾವಿಯಿಂದ ನೀರು ಸೇದುತ್ತಿದ್ದರು. ವಯಸ್ಸಾದಷ್ಟೂ ಮೈಗೆ ಕಾಳು ಬೇಕೆಂದು ನಾನು ಪುಸ್ತಕದಲ್ಲೂ ಓದಿದ್ದೇನೆ. ಮಹಾರಾಜರ ಆಳ್ವಿಕೆ ಹೋಗಿ ಪ್ರಜಾರಾಜ್ಯ ಬಂದರೂ ಈ ಮನೆಯಲ್ಲಿ ಅರವತ್ತು ದಾಟಿದವನಿಗೆ ಮೆತ್ತನೆಯ ಅನ್ನ, ತಿಳಿಸಾರೇ ಗತಿ.

ನೇರವಾಗಿ ಕೊಟ್ಟಿಗೆಗೆ ಹೋದೆ. ಆರಲಿಟ್ಟಿದ್ದ ಕಾಳಿನ ಪಾತ್ರೆಯನ್ನು ಗೌರಿಯ ಎದುರಿಗೇ ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳತೊಡಗಿದೆ.

ಸರೋಜ ಓಡಿ ಬಂದಳು. "ಮಾವ, ಅದು ಹಸೂದು. ನಮ್ಮ ಲಕ್ಷ್ಮೀಪುರದ ಜನ ನೋಡಿದ್ರೆ ಏನಂದ್ಕೋತಾರೆ?"

"ಗೌರಿ ಏಳುವಾಗ ನೀನು ಯಾವತ್ತಾದ್ರೂ ರಟ್ಟೆ ಹಿಡಿದಿದ್ದೀಯೇನಮ್ಮ?"

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾಳೆಯಿಂದ ಅರ್ಧ ಕಾಳು ನನಗೆ ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು.

ಗೌರಿ ಮಾತ್ರ ಇನ್ನೂ ಒಪ್ಪಿಲ್ಲ. ಸಂಜೆ ಹಾಲು ಕರೆಯಲು ಬಿಟ್ಟರೆ ಅದೇ ದೊಡ್ಡದು.