ಗರಡಿ ಬಿಲ್ಲೆಯ ದ್ರೌಪದಮ್ಮ

ಅಬ್ಬಿಗೆರೆಯ ಬ್ಯಾಟರಾಯಪ್ಪ ಕೆರೆಯ ತೂಬು ಕಾಯುತ್ತಿದ್ದವನು. ಕದ್ದು ತೂಬು ಎತ್ತಲು ಬಂದವನೊಬ್ಬನ ಮುಂಗೈಯನ್ನು ಮಚ್ಚಿನಿಂದ ಕಡಿದು, ಆ ಕೈಯನ್ನೇ ಪಂಚೆಯಲ್ಲಿ ಸುತ್ತಿ ಅವನ ಹೆಂಡತಿಗೆ ಒಪ್ಪಿಸಿ ಬಂದವನು. ಅವನ ಸೊಸೆ ಮುನಿಯಲ್ಲಮ್ಮ. ಕಣದಲ್ಲಿ ರಾಗಿ ಕದಿಯಲು ಬಂದ ಇಬ್ಬರಲ್ಲಿ ಒಬ್ಬನನ್ನು ಒನಕೆಯಲ್ಲಿ ಕೆಡವಿ, ಇನ್ನೊಬ್ಬನ ಜುಟ್ಟು ಹಿಡಿದು ಊರು ಏಳುವ ತನಕ ಕೂತಿದ್ದಳು. ಆಗ ಅವಳು ತುಂಬು ಬಸುರಿ. ಆ ಬಸುರಿನಲ್ಲಿ ಹುಟ್ಟಿದವನೇ ಪೈಲ್ವಾನ್ ಮುನಿಶಾಮಪ್ಪ. ಯಶವಂತಪುರದಿಂದ ಯಲಹಂಕದವರೆಗೆ ಅವನ ಬೆನ್ನಿಗೆ ಮಣ್ಣು ಅಂಟಿಸಿದ ಗಂಡಸು ಇರಲಿಲ್ಲ. ಒಮ್ಮೆ ಚಿಕ್ಕಬಾಣಾವರದ ಜಟ್ಟಿಯೊಬ್ಬನ ಹೆಗಲ ಮೂಳೆ ಮುರಿದ. ಅದನ್ನು ಮುರಿದ ತನ್ನ ಕೈಯಿಂದಲೇ ಆ ಜಟ್ಟಿಯನ್ನು ಹೊತ್ತು ಮನೆಗೆ ತಂದು, ಮೂಳೆ ಕೂಡುವ ತನಕ ಗಂಜಿ ಕುಡಿಸಿದ. ಗೆದ್ದವನು ಮುರಿದರೆ ಗೆದ್ದವನೇ ಸಾಕಬೇಕು. ಅದು ಗರಡಿಯ ರಿವಾಜು.

ಈ ಮುನಿಶಾಮಪ್ಪನ ಮಗಳು ದ್ರೌಪದಮ್ಮ. ಹೆಣ್ಣೆಂದು ಅವಳನ್ನು ಗರಡಿಯ ಮಣ್ಣಿಗೆ ಇಳಿಸಿದವರಿಲ್ಲ. ಜಗಲಿಯ ಮೇಲೆ ಒರಳು, ಕೈಯಲ್ಲಿ ಒನಕೆ, ಕಣ್ಣು ಮಾತ್ರ ಬಾಗಿಲೊಳಗೆ. ಒಳಗೆ ಪೈಲ್ವಾನರು ತೊಡೆ ತಟ್ಟಿದರೆ ಹೊರಗೆ ಇವಳು ಕುಟ್ಟುತ್ತಿದ್ದಳು. ಬಿಸಿಲಿಗೆ ಗರಿಗರಿಯಾದ ಗಟ್ಟಿ ಅವಲಕ್ಕಿ, ಹುರಿಗಡಲೆ, ಕಡಲೆಕಾಯಿ ಬೀಜ, ಎಳ್ಳು, ಕೊಬ್ಬರಿ, ಬೀಜ ತೆಗೆದ ಖರ್ಜೂರ, ಮೇಲೆ ಬೆಲ್ಲ. ಪಾಕ ಹಿಡಿಯುವ ಹಾಗಿಲ್ಲ, ಒಲೆ ಹಚ್ಚುವ ಹಾಗೂ ಇಲ್ಲ. ಹೊಗೆ ಕುಡಿದ ಎದೆ ಕುಸ್ತಿಗೆ ಬಾರದು ಎಂದು ಮುನಿಶಾಮಪ್ಪ ಗರಡಿಯ ಗೋಡೆಯೊಳಗೆ ಹನುಮಂತರಾಯನ ದೀಪವೊಂದನ್ನು ಬಿಟ್ಟು ಬೇರೆ ಬೆಂಕಿ ಬಿಟ್ಟುಕೊಳ್ಳುತ್ತಿರಲಿಲ್ಲ. ಬೆಂಕಿ ಮಾಡುವ ಕೆಲಸವನ್ನು ತೋಳು ಮಾಡಬೇಕು. ಕುಟ್ಟಿ ಕುಟ್ಟಿ ಕಡಲೆಕಾಯಿ ತನ್ನ ಎಣ್ಣೆ ತಾನೇ ಬಿಟ್ಟು, ಬೆಲ್ಲ ಬೆವೆತು, ಎಲ್ಲವೂ ಒಂದನ್ನೊಂದು ಕಚ್ಚಿ ಹಿಡಿಯಬೇಕು. ಆಮೇಲೆ ಒಂದು ಮಿಳ್ಳೆ ತುಪ್ಪ ಹಾಕಿ ಹಲಗೆಯ ಮೇಲೆ ತಟ್ಟಿ, ಪೈಲ್ವಾನರು ಎತ್ತುವ ಗುಂಡುಕಲ್ಲನ್ನು ಹೇರಿ, ಮಾರನೆಯ ದಿನ ಕೊಯ್ದರೆ ಬಿಲ್ಲೆ. ಒಂದು ಬಿಲ್ಲೆ ತಿಂದವನು ಮಧ್ಯಾಹ್ನದ ತನಕ ಹಸಿವು ಎನ್ನುತ್ತಿರಲಿಲ್ಲ.

ಅವಳನ್ನು ಯಶವಂತಪುರದ ಸಂಗಪ್ಪನೆಂಬವನಿಗೆ ಕೊಟ್ಟರು. ಮಂಡಿಯಲ್ಲಿ ಮೂಟೆ ಹೊರುವವನು, ಕುಡಿದರೆ ಹೆಂಡತಿಯ ಬೆನ್ನೇ ಅವನಿಗೆ ಮೂಟೆ. ಅವಳು ತಡೆದುಕೊಂಡಷ್ಟು ತಡೆದುಕೊಂಡಳು. ಹೊಟ್ಟೆಯಲ್ಲಿದ್ದ ಕೂಸು ಅವನ ಒದೆತಕ್ಕೆ ಇಳಿದುಹೋದ ದಿನ ಮಾತ್ರ ಅವನ ಎಡಗಿವಿಯನ್ನು ಹಲ್ಲಿನಲ್ಲಿ ಹಿಡಿದು, ಬಂದಷ್ಟನ್ನು ಕಿತ್ತು ಅಂಗಳಕ್ಕೆ ಉಗುಳಿ, ರೈಲು ಹಳಿ ಹಿಡಿದು ನಡೆದು ತವರು ಸೇರಿದಳು. ಮುನಿಶಾಮಪ್ಪ ಅವಳ ಬಾಯಿಯ ರಕ್ತ ತೊಳೆಯಲು ನೀರು ಕೊಟ್ಟು, ಒನಕೆ ಇರುವ ಮೂಲೆ ತೋರಿಸಿದ.

ಪೈಲ್ವಾನರ ಕಾಲ ಮುಗಿಯಿತು. ಹುಡುಗರು ಗರಡಿ ಬಿಟ್ಟು ಜಿಮ್ ಹಿಡಿದರು. ಗರಡಿಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು. ಮುನಿಶಾಮಪ್ಪ ಹಾಸಿಗೆ ಹಿಡಿದಾಗ ಮಗಳನ್ನೂ ಮಗ ಮಹಾಲಿಂಗಪ್ಪನನ್ನೂ ಕೂರಿಸಿಕೊಂಡು ಒಂದೇ ಮಾತು ಆಡಿದ: "ಈ ಗರಡಿ ಗಂಡಿಗೂ ಅಲ್ಲ, ಎಣ್ಣಿಗೂ ಅಲ್ಲ. ಮಣ್ಣು ಯಾರು ಅದ ಮಾಡ್ತಾರೋ ಅವರದು."

ಮಣ್ಣು ಹದ ಮಾಡುವುದೆಂದರೆ ಪ್ರತಿ ಶನಿವಾರ ಗುದ್ದಲಿಯಲ್ಲಿ ಅಗೆದು, ಹೆಂಟೆ ಒಡೆದು, ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿ ತುಳಿಯುವುದು. ವಾರ ತಪ್ಪಿದರೆ ಮಣ್ಣು ಕಲ್ಲಾಗುತ್ತದೆ. ಅಪ್ಪ ಸತ್ತ ಮೇಲೆ ಮಹಾಲಿಂಗಪ್ಪ ಗುದ್ದಲಿ ಮುಟ್ಟಲಿಲ್ಲ. ಹೆಬ್ಬಾಳದಲ್ಲಿ ಕಟ್ಟಡ ಕೆಡವುವ ಕಂತ್ರಾಟು ಹಿಡಿದು, ಜೊತೆಗೆ ತೋಳು ತೋರಿಸುವ ಹುಡುಗರನ್ನು ಇಟ್ಟುಕೊಂಡು, ಹೇಳಿದವರ ಮನೆ ಹೇಳಿದ ಹೊತ್ತಿಗೆ ಉರುಳಿಸುತ್ತಿದ್ದ. ದ್ರೌಪದಮ್ಮನೇ ಒರಳನ್ನು ಜಗಲಿಯಿಂದ ಒಳಗೆ ಉರುಳಿಸಿಕೊಂಡು ಬಂದು, ಕುಸ್ತಿಯಿಲ್ಲದ ಮಣ್ಣನ್ನು ಶನಿವಾರ ಶನಿವಾರ ಅಗೆದಳು.

ಬಿಲ್ಲೆಗೆ ಮತ್ತೆ ದೆಸೆ ಬಂದದ್ದು ಶಿಲ್ಪಳಿಂದ. ಕೆಂಪಾಪುರದ ಜಿಮ್ಮಿನಲ್ಲಿ ಕಸರತ್ತು ಕಲಿಸುವ ಹುಡುಗಿ. ಯಾರದೋ ಕೈಯಲ್ಲಿ ತಿಂದು ರುಚಿ ಕಂಡು, ಸ್ಕೂಟರ್ ಹತ್ತಿ ಅಬ್ಬಿಗೆರೆಗೇ ಬಂದಳು.

"ಆಂಟಿ, ಇದು ಗ್ರನೋಲಾ ಬಾರ್ ಕಣ್ರೀ! ಓವನ್‌ನಲ್ಲಿ ಎಷ್ಟು ಹೊತ್ತು ಇಡ್ತೀರಾ?"

"ಬೇಯ್ಸಲ್ಲ ಕಣಮ್ಮ, ಬಡೀತೀನಿ."

"ನೋ ಬೇಕಾ! ಓವನ್ನೇ ಬೇಡ್ವಾ! ಸೂಪರ್."

"ಬೇಕೋ ಬ್ಯಾಡ್ವೋ ನೀನೇ ಏಳು. ನಾನಂತೂ ಕುಟ್ಟಿದ್ದಾಯ್ತು."

ಅಂದಿನಿಂದ ಯಲಹಂಕ, ಹೆಬ್ಬಾಳದ ಜಿಮ್ಮುಗಳಿಗೆ ಬಿಲ್ಲೆ ಹೊರಟಿತು. ಪಕ್ಕದ ಮನೆಯ ಸಬೀರಾ ಹೊಲಿಗೆ ಮಿಷನ್ ಬದಿಗಿಟ್ಟು ಬಿಲ್ಲೆಗೆ ಬೆಣ್ಣೆಕಾಗದ ಸುತ್ತುವ ಕೆಲಸ ಹಿಡಿದಳು.

ಎರಡು ಸಾವಿರದ ಹದಿಮೂರರ ಬೇಸಿಗೆ. ಯಾರೋ ದೊಡ್ಡವರು ಮಹಾಲಿಂಗಪ್ಪನ ಕಿವಿ ಕಚ್ಚಿದ್ದರು: ಗರಡಿ ಕೆಡವು, ಅಲ್ಲಿ ನಾಲ್ಕು ಅಂತಸ್ತಿನ ಜಿಮ್ ಏಳಲಿ, ನೀನೇ ಅದರ ದಣಿ. ಅವನು ಅಕ್ಕನ ಮುಂದೆ ಬಂದು ನಿಂತ.

"ಅಕ್ಕಯ್ಯ, ಒಂದು ರೂಮು ಮಾಡ್ಕೊಡ್ತೀನಿ. ಮಿಕ್ಸಿ, ಗ್ಯಾಸು ಎಲ್ಲಾ ಆಕ್ಸಿ ಕೊಡ್ತೀನಿ. ಈ ಗೋಡೆ ಬಿಟ್ಟುಬಿಡು."

"ಮಣ್ಣು ಯಾರು ಅದ ಮಾಡ್ದೋರು?"

"ಅಪ್ಪ ಸಾಯೋ ಕಾಲಕ್ಕೆ ಏನೋ ಬಡಬಡಿಸ್ತು. ಅದನ್ನೇ ಇಡ್ಕೊಂಡು ಕೂತಿದ್ದೀಯ. ಎಣ್ಣಿಗೆ ಯಾಕೆ ಗರಡಿ? ಯಾರ ಜೊತೆ ಕುಸ್ತಿ ಆಡ್ತೀಯಾ?"

"ಇನ್ನೂ ಗೊತ್ತಾಗಿಲ್ಲ ಕಣೋ. ಬಂದೋರ ಜೊತೆ."

ಅವನು ಬಾಗಿಲಿಗೆ ಒದ್ದು ಹೋದ. ಶುಕ್ರವಾರ ಅವಳು ಯಲಹಂಕಕ್ಕೆ ಬಿಲ್ಲೆ ಕೊಡಲು ಹೋಗಿದ್ದಾಗ ಅವನ ಹುಡುಗರಿಬ್ಬರು ಬಂದರು. ಹಲಗೆಗಳನ್ನು ಮುರಿದರು, ಡಬ್ಬಗಳನ್ನು ಗೋಡೆಗೆ ಅಪ್ಪಳಿಸಿದರು. ಕೊಯ್ದಿಟ್ಟ ಬಿಲ್ಲೆಯೆಲ್ಲ ಚರಂಡಿ ಸೇರಿತು. ಅಡ್ಡ ನಿಂತ ಸಬೀರಾಳ ಕೆನ್ನೆಗೆ ಬಿಟ್ಟ ಏಟಿಗೆ ತುಟಿ ಸೀಳಿ, ಒಂದು ಹಲ್ಲು ಅವಳ ಕೈಗೇ ಬಂತು. ಒರಳು ಮಾತ್ರ ಅವರಿಂದ ಅಲ್ಲಾಡಲಿಲ್ಲ. "ನಾಳೆ ಅಣ್ಣನೇ ಬರ್ತಾನೆ, ಗೋಡೆ ಸಮೇತ ತೆಗೀತೀವಿ" ಎಂದು ಹೇಳಿ ಹೋದರು.

ಸಂಜೆ ದ್ರೌಪದಮ್ಮ ಬಂದಾಗ ಬೀದಿನಾಯಿಗಳು ಚರಂಡಿಯ ಬಿಲ್ಲೆಗೆ ಕಚ್ಚಾಡುತ್ತಿದ್ದವು. ಅವಳು ನಾಯಿಗಳನ್ನು ಓಡಿಸಲಿಲ್ಲ. ಸಬೀರಾಳ ತುಟಿಗೆ ಅರಿಶಿನ ಮೆತ್ತಿದಳು.

"ಸ್ಟೇಷನ್‌ಗೆ ಹೋಗೋಣ ಅಕ್ಕಾ" ಎಂದಳು ಸಬೀರಾ.

"ಸ್ಟೇಷನ್ನಿನೋರು ಬರೋ ಒತ್ತಿಗೆ ಗೋಡೆ ಇರಾಕಿಲ್ಲ. ನಾಳೆ ಅವ್ನು ಬರ್ಲಿ. ಒಳಕ್ಕೆ ಕಾಲಿಡೋಕೆ ಮುಂಚೆ ಬಗ್ಗಿ ಮಣ್ಣು ಮುಟ್ಟಿ ಅಣೆಗೆ ಅಚ್ಕೊಂತಾನೆ. ನಡಿಯೋದು ಕಲ್ತಾಗಿಂದ ಮಾಡಿರೋನು, ಕೈ ತಾನೇ ಓಗ್ತದೆ. ಬಗ್ಗಿದಾಗ ಕುತ್ತಿಗೆ ಸಿಗ್ತದೆ. ಒಂದೇ ಏಟು."

"ಅಲ್ಲಾ! ತಮ್ಮ ಅಲ್ವೇನಕ್ಕಾ?"

"ತಮ್ಮನೇ. ಅದಕ್ಕೇ ಗೊತ್ತು ಅವ್ನು ಎಲ್ಲಿ ಬಗ್ತಾನೆ ಅಂತ."

ಶನಿವಾರ ಬಿಸಿಲು ಏರುವ ಹೊತ್ತಿಗೆ ಅವರು ಬಂದರು. ಹುಡುಗರಿಬ್ಬರ ಕೈಯಲ್ಲಿ ಸುತ್ತಿಗೆ, ಮಹಾಲಿಂಗಪ್ಪನ ಕೈಯಲ್ಲಿ ಹಾರೆ. ಹುಡುಗರು ಬೂಟು ಕಾಲಲ್ಲೇ ಒಳನುಗ್ಗಿ ಒರಳಿನತ್ತ ನಡೆದರು. ಹೊಸಿಲಲ್ಲಿ ಮಹಾಲಿಂಗಪ್ಪ ನಿಂತ. ಕೆಡವಲು ಬಂದ ಮನೆಗೆ ಯಾರಾದರೂ ಚಪ್ಪಲಿ ಬಿಡುತ್ತಾರೆಯೇ? ಅವನು ಬಿಟ್ಟ. ಹಾರೆಯನ್ನು ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಬಲಗೈ ಬೆರಳುಗಳನ್ನು ಮಣ್ಣಿಗೆ ಒತ್ತಿದ.

ಬಾಗಿಲ ಮರೆಯಲ್ಲಿ ದ್ರೌಪದಮ್ಮನ ಒನಕೆ ತಲೆಯ ಮೇಲಕ್ಕೆ ಎದ್ದಿತ್ತು. ಕೆಳಗೆ ತಮ್ಮನ ಕುತ್ತಿಗೆ. ತಾಯಿಯಿಲ್ಲದ ಮಗುವೆಂದು ಸೀಗೆಪುಡಿ ಹಾಕಿ ಇವಳೇ ಉಜ್ಜಿದ ಕುತ್ತಿಗೆ. ಅದಕ್ಕೆ ಅವಳು ಕರಗಲಿಲ್ಲ. ಕಂಡದ್ದು ಬೇರೆ: ಅಪ್ಪ ಒಬ್ಬ ಶಿಷ್ಯನನ್ನು ಇದೇ ಹೊಸಿಲಲ್ಲಿ ಚರ್ಮ ಸುಲಿಯುವಂತೆ ಬಾರಿಸಿದ್ದು. ಎದುರಾಳಿ ಮಣ್ಣಿಗೆ ಬಾಗಿದ್ದಾಗ ಆ ಶಿಷ್ಯ ಒದ್ದಿದ್ದ. ಬಾರಿಸುತ್ತಾ ಅಪ್ಪ ಅಂದದ್ದು: "ಮಣ್ಣಿಗೆ ಬಾಗಿದವನ ಮ್ಯಾಲೆ ಕೈ ಎತ್ತಿದ್ರೆ ಅದು ಕುಸ್ತಿಯಲ್ಲ ಕಣಲೇ, ಕಸಾಯಿಖಾನೆ." ಈ ಏಟು ಬಿದ್ದರೆ ಗೋಡೆ ಉಳಿಯುತ್ತದೆ. ಅಂಥ ಏಟು ಬಿದ್ದ ಮೇಲೆ ಉಳಿಯುವುದು ಗರಡಿಯಲ್ಲ.

ಒನಕೆ ಗಾಳಿಯಲ್ಲೇ ನಿಂತಿತು. ಆ ಗಳಿಗೆ ಸಾಕಾಯಿತು. ಮಹಾಲಿಂಗಪ್ಪ ನೆಲದ ಮೇಲೆ ನೆರಳು ಕಂಡ, ತಿರುಗಿದ, ತಿರುಗಿದ ರಭಸಕ್ಕೇ ಹಾರೆ ಬೀಸಿದ. ಅವಳ ಎಡ ಮುಂಗೈ ಒಣ ಜಾಲಿ ಕೊಂಬೆಯಂತೆ ಸದ್ದು ಮಾಡಿ ಮುರಿಯಿತು.

ಕೂಗಿದವಳು ಗೋಡೆಯಾಚೆಯ ಸಬೀರಾ. ಮೂಳೆಯ ಸದ್ದು ಕೇಳಿ ಹುಡುಗನೊಬ್ಬ ಸುತ್ತಿಗೆ ಎತ್ತಿಕೊಂಡು ದ್ರೌಪದಮ್ಮನ ಮೇಲೆ ಬಂದ. ಜೋಡಿಸಿಟ್ಟಿದ್ದ ಗುಂಡುಕಲ್ಲಿಗೆ ಅವಳು ಕಾಲು ಕೊಟ್ಟು ತಳ್ಳಿದಳು. ಕಲ್ಲು ಉರುಳಿ ಅವನ ಪಾದದ ಮೇಲೆ ಕೂತಿತು. ಬೂಟಿನೊಳಗೆ ಬೆರಳುಗಳು ಕಡಲೆಕಾಯಿಯಂತೆ ಜಜ್ಜಿಹೋದವು. ಅವನು ಹಂದಿ ಕಿರುಚಿದಂತೆ ಕಿರುಚಿದ. ಎರಡನೆಯವನು ಹಿಂದಿನಿಂದ ಅವಳ ತುರುಬಿಗೆ ಕೈ ಹಾಕಿದ. ಅವಳು ಒನಕೆಯ ತುದಿಯನ್ನು ಕಂಕುಳ ಕೆಳಗಿಂದ ಹಿಂದಕ್ಕೆ ತಿವಿದಳು, ಒರಳಿಗೆ ತಿವಿಯುವಂತೆಯೇ, ಅದೇ ತಾಳದಲ್ಲಿ. ಮೊದಲ ತಿವಿತಕ್ಕೆ ಅವನ ಉಸಿರು ಹೋಯಿತು, ಎರಡನೆಯದಕ್ಕೆ ಪಕ್ಕೆ ಹೋಯಿತು. ಬಾಯಲ್ಲಿ ಕೆಂಪು ನೊರೆ ಕಟ್ಟಿಕೊಂಡು ಬಾಗಿಲಾಚೆ ತೆವಳಿದ.

ಕಾಲ ಮೇಲೆ ಉಳಿದವರು ಅಕ್ಕ, ತಮ್ಮ ಇಬ್ಬರೇ. ಮಹಾಲಿಂಗಪ್ಪ ಹಾರೆಯನ್ನು ಎರಡನೇ ಸಲ ಬೀಸಿದ. ಅದು ಒನಕೆಗೆ ಬಡಿದು ಎರಡೂ ಕೈಜಾರಿ ನಡುವಿನ ಮಣ್ಣಿಗೆ ಹಾರಿ ಬಿದ್ದವು. ಅವನು ಅವಳ ಗಂಟಲಿಗೆ ಎರಡೂ ಕೈ ಹಾಕಿ ಮಣ್ಣಿನ ಮೇಲಕ್ಕೆ ತಳ್ಳಿಕೊಂಡು ಹೋದ.

"ಬಿಟ್ಟುಬಿಡು ಅಂದ್ರೆ ಬಿಡಲ್ಲ! ಸಾಯ್ಬೇಕಾ ನಿಂಗೆ?"

ಕಣ್ಣು ಮಂಜಾಗುತ್ತಿತ್ತು. ಆದರೂ ಅವಳ ಪಾದಕ್ಕೆ ಗೊತ್ತಿತ್ತು: ಹೊಸಿಲ ಬಳಿಯ ಮಣ್ಣು ಗಟ್ಟಿ, ನಡುವಿನದು ಬೆಣ್ಣೆ. ನಡುವಿಗೆ ಬರುವ ತನಕ ಹಿಂದೆ ಹಿಂದೆ ಹೋದಳು. ಅಲ್ಲಿ ಅವನ ಕಾಲು ಗಿಣ್ಣಿನ ತನಕ ಹೂತಿತು. ಜಗಲಿಯಿಂದ ವರ್ಷಗಟ್ಟಲೆ ನೋಡಿದ್ದ ಅಪ್ಪನ ಪಟ್ಟನ್ನು ಆಗ ಹಾಕಿದಳು. ಬಲಗಾಲನ್ನು ಅವನ ಮಂಡಿಯ ಹಿಂದೆ ಸಿಕ್ಕಿಸಿ, ಬಲಗೈಯಲ್ಲಿ ಅವನ ಅಂಗಿಯ ಎದೆ ಹಿಡಿದು, ತನ್ನ ಇಡೀ ಭಾರವನ್ನು ಅವನ ಮೇಲೆ ಚೆಲ್ಲಿದಳು. ಮಹಾಲಿಂಗಪ್ಪ ಬುಡ ಕಡಿದ ಮರದಂತೆ ಅಂಗಾತ ಬಿದ್ದ. ಅವಳ ಮೊಣಕಾಲು ಅವನ ಗಂಟಲ ಮೇಲೆ ಕೂತಿತು. ಮುರಿದ ಕೈ ಪಕ್ಕದಲ್ಲಿ ಬೇರೆ ಯಾರದೋ ಎಂಬಂತೆ ನೇತಾಡುತ್ತಿತ್ತು.

"ಬೆನ್ನಿಗೆ ಏನಂಟೈತೆ?"

ಅವನ ಮುಖ ನೀಲಿಗೆ ತಿರುಗುತ್ತಿತ್ತು. ಬಾಗಿಲಲ್ಲಿ ಕೇರಿಯ ಜನ ಸೇರಿದ್ದರು. ಹಾರೆ ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಬಿದ್ದಿತ್ತು. ಅದಕ್ಕೆ ಕೈ ಚಾಚಲಿಲ್ಲ. ಹೊಸಿಲಲ್ಲಿ ಅವನನ್ನು ಬಗ್ಗಿಸಿದ್ದ ಅಭ್ಯಾಸವೇ ಇಲ್ಲೂ ಅವನ ಕೈ ಕಟ್ಟಿತು.

"ಬಾಯ್ಬಿಡ್ಲಾ, ಏನಂಟೈತೆ?"

"ಮಣ್ಣು" ಎಂದ.

ಅವಳು ಮೊಣಕಾಲು ತೆಗೆದಳು. ಗರಡಿಯಲ್ಲಿ ಸೋತವನ ಬಾಯಿಂದ ಬಂದ ಆ ಮಾತಿಗಿಂತ ದೊಡ್ಡ ತೀರ್ಪಿಲ್ಲ. ಅವನು ಎದ್ದು, ಜಜ್ಜಿದ ಕಾಲಿನ ಹುಡುಗನನ್ನು ಹೆಗಲಿಗೆ ಹಾಕಿಕೊಂಡು, ಬೆನ್ನ ತುಂಬ ಮಣ್ಣು ಹೊತ್ತು ಇಡೀ ಕೇರಿ ನೋಡುವಂತೆ ನಡೆದುಹೋದ. ಸಬೀರಾ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಅಳುತ್ತಿದ್ದವಳು ಸಬೀರಾ. ದ್ರೌಪದಮ್ಮ ಮಾತ್ರ ಹಲಗೆ ಮಾಡುವ ಬಡಗಿ ಯಾರಿದ್ದಾರೆಂದು ಕೇಳುತ್ತಿದ್ದಳು.

ಮುಂದಿನ ಶನಿವಾರ ಬೆಳಿಗ್ಗೆ ಅವಳು ಒಂಟಿ ಕೈಯಲ್ಲಿ ಖರ್ಜೂರ ಕುಟ್ಟುತ್ತಿದ್ದಳು. ಒನಕೆ ವಾಲುತ್ತಿತ್ತು, ಮೂರು ಪೆಟ್ಟಿಗೆ ಒಂದು ಪೆಟ್ಟು ಒರಳ ಅಂಚಿಗೆ ಬೀಳುತ್ತಿತ್ತು. ಹೊಸಿಲಲ್ಲಿ ನೆರಳು ಬಿತ್ತು. ಮಹಾಲಿಂಗಪ್ಪ. ಚಪ್ಪಲಿ ಬಿಟ್ಟ, ಬಗ್ಗಿದ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ಅವನ ಗಂಟಲ ಮೇಲೆ ಅವಳ ಮೊಣಕಾಲಿನ ಕಪ್ಪು ಇನ್ನೂ ಇತ್ತು. ಒಂದು ಕೈಯಲ್ಲಿ ಗಂಜಿಯ ಚೊಂಬು, ಇನ್ನೊಂದು ಕೈಯಲ್ಲಿ ಗುದ್ದಲಿ.

"ಅಕ್ಕಯ್ಯ, ಮೂಳೆ ಮುರಿದೋನು ಸಾಕ್ಬೇಕು. ಗಂಜಿ ತಂದಿವ್ನಿ. ಕೈ ಕೂಡೋ ಗಂಟ ಶನಿವಾರ ಶನಿವಾರ ಮಣ್ಣು ನಾನೇ ಅಗೀತೀನಿ. ಒಂದು ಕೈಯಲ್ಲಿ ನಿನ್ ಕೈಲಾಗಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ. ಆದರೆ ಗುದ್ದಲಿಯೂ ಸುಳ್ಳಲ್ಲ. ಸಬೀರಾ ಕಾಗದ ಸುತ್ತುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ದ್ರೌಪದಮ್ಮ ಒನಕೆಯನ್ನು ಗೋಡೆಗೆ ಒರಗಿಸಿ, ಹೊಸ ಹಲಗೆಯಿಂದ ಒಂದು ಬಿಲ್ಲೆ ಎತ್ತಿ ತಮ್ಮನ ಅಂಗಿಯ ಜೇಬಿಗೆ ತುರುಕಿದಳು. ಆಮೇಲೆ ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

"ಗೆದ್ದೋನು ಮುರಿದ್ರೆ ಗೆದ್ದೋನು ಸಾಕ್ಬೇಕು ಕಣೋ ಮಾಲಿಂಗ. ಇಲ್ಲಿ ಗೆದ್ದೋಳು ನಾನು. ನಿನ್ ಗಂಜಿ ನೀನೇ ಕುಡಿ. ಇವತ್ತು ನೀನು ಮಣ್ಣು ಅದ ಮಾಡಿದ್ರೆ ನಾಳೆ ಮಣ್ಣು ನಿಂದಾಗ್ತದೆ. ಎರಡು ಕೈ ಮುರಿದ್ರೂ ಕಾಲಲ್ಲಿ ತುಳಿದು ಅದ ಮಾಡ್ತೀನಿ. ಸರ್ಕೋ ಆಕಡೆ, ನಂಗೆ ಕೆಲಸ ಐತೆ."